ಇಇಜಿಯಿಂದ ನೆನಪಿನ ಅಧ್ಯಯನ: ದಾವಣಗೆರೆಯಲ್ಲಿ ಮೊದಲ ಪ್ರಯೋಗ ಕಟ್ಟುವವರಿಗೆ

ದಾವಣಗೆರೆಯ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾಶಾಸ್ತ್ರ ವಿಭಾಗದಲ್ಲೋ, ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲೋ, ಶಿವಗಂಗೋತ್ರಿಯ ವಿಶ್ವವಿದ್ಯಾಲಯದಲ್ಲೋ ಇರುವ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು (ಇಇಜಿ) ದಾಖಲಿಸಿ ನೆನಪಿನ ಮೇಲೆ ಪ್ರಬಂಧ ಬರೆಯಲು ಹೊರಟಿದ್ದಾರೆ ಎಂದುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಅಂಥವರು ಬಂದಾಗ ಮೊದಲು ಕೇಳುವುದು ಯಂತ್ರದ ವಿಚಾರ: ಎಷ್ಟು ಚಾನೆಲ್ (ನೆತ್ತಿಯ ಮೇಲಿನ ಒಂದೊಂದು ಎಲೆಕ್ಟ್ರೋಡಿನಿಂದ ಬರುವ ದಾಖಲೆ) ಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು. ನನ್ನ ಅಭಿಪ್ರಾಯದಲ್ಲಿ ಇಂಥ ಪ್ರಯೋಗದ ಹಣೆಬರಹ ಬಹುಮಟ್ಟಿಗೆ ತಲೆಗೆ ಎಲೆಕ್ಟ್ರೋಡ್‌ಗಳ ಟೋಪಿ ತೊಡಿಸುವ ಮೊದಲೇ, ಪ್ರಶ್ನೆಯನ್ನು ರೂಪಿಸುವಾಗ, ಪದಗಳನ್ನು ಆರಿಸುವಾಗ ಮತ್ತು ಕೂದಲನ್ನು ಸಿದ್ಧಪಡಿಸುವಾಗ ನಿರ್ಧಾರವಾಗಿಬಿಡುತ್ತದೆ. ಕೆಟ್ಟ ದಾಖಲೆಯನ್ನು ಯಾವ ಸಾಫ್ಟ್‌ವೇರೂ ಒಳ್ಳೆಯದನ್ನಾಗಿ ಮಾಡಿಕೊಡುವುದಿಲ್ಲ.

ಏನನ್ನು ಅಳೆಯುತ್ತಿದ್ದೇವೆ

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಇಇಜಿಯನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಅವರು ಅಂದು ಕಂಡದ್ದನ್ನು ನಾವು ಇಂದೂ ನೆತ್ತಿಯ ಮೇಲಿಂದ ಕಾಣುತ್ತೇವೆ: ಮಿದುಳಿನ ಹೊರಪದರದಲ್ಲಿ ಸಾಲಾಗಿ ನಿಂತಿರುವ ಪಿರಮಿಡ್ ಆಕಾರದ ನರಕೋಶಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದೇ ಸಮಯಕ್ಕೆ ಸಂಕೇತ ಪಡೆದಾಗ ಅವುಗಳ ಸಿನಾಪ್ಸ್‌ಗಳಲ್ಲಿ (ಕೋಶಕೋಶಗಳು ಸಂಧಿಸುವ ಜಾಗಗಳಲ್ಲಿ) ಏಳುವ ಸಣ್ಣ ವಿಭವಗಳ ಒಟ್ಟು ಮೊತ್ತ. ತಲೆಬುರುಡೆ ಮತ್ತು ಚರ್ಮವನ್ನು ದಾಟಿ ಬರುವಷ್ಟರಲ್ಲಿ ಅದು ಕೆಲವು ಹತ್ತು ಮೈಕ್ರೊವೋಲ್ಟ್‌ಗಳಿಗೆ ಇಳಿದಿರುತ್ತದೆ, ಅಲ್ಲದೆ ಎಲ್ಲಿಂದ ಹೊರಟಿತೆಂಬ ಗುರುತು ಮಸುಕಾಗಿರುತ್ತದೆ. ಆದ್ದರಿಂದ ಇಇಜಿ ‘ಯಾವಾಗ’ ಎಂಬ ಪ್ರಶ್ನೆಗೆ ಮಿಲಿಸೆಕೆಂಡಿನ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. ‘ಎಲ್ಲಿ’ ಎಂಬುದಕ್ಕೆ ಅಂದಾಜಷ್ಟೇ ಸಾಧ್ಯ. ಹೊಸ ನೆನಪುಗಳು ಕಟ್ಟಿಕೊಳ್ಳಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕೇಬೇಕೆಂಬುದು 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಪ್ರಕಟಿಸಿದ ರೋಗಿಯ ವರದಿಯಿಂದ ಎಲ್ಲರಿಗೂ ತಿಳಿದ ಸಂಗತಿಯಾದರೂ, ಆ ಭಾಗ ಆಳದಲ್ಲಿ ಸುರುಳಿ ಸುತ್ತಿಕೊಂಡಿರುವುದರಿಂದ ನೆತ್ತಿಯ ಮೇಲಿನ ಎಲೆಕ್ಟ್ರೋಡ್‌ಗಳಿಗೆ ಸುಲಭವಾಗಿ ಸಿಗುವುದಿಲ್ಲ. ‘ಹಿಪೊಕ್ಯಾಂಪಸ್‌ನ ಚಟುವಟಿಕೆ’ ಎಂಬ ಮಾತು ನಿಮ್ಮ ಪ್ರಬಂಧದ ಶೀರ್ಷಿಕೆಯಲ್ಲಿದ್ದರೆ ಈಗಲೇ ತೆಗೆದುಬಿಡಿ.

ಪ್ರಶ್ನೆಯ ಆಯ್ಕೆ

ಯಂತ್ರವನ್ನು ಕಲಿಯಲು ಎಲ್ಲಕ್ಕಿಂತ ಸರಳವಾದದ್ದು ಆಡ್‌ಬಾಲ್ ಪ್ರಯೋಗ. ಒಂದೇ ಬಗೆಯ ಧ್ವನಿ ಮತ್ತೆ ಮತ್ತೆ ಕೇಳಿಬರುತ್ತಿರುವಾಗ ನಡುವೆ ಅಪರೂಪಕ್ಕೆ ಬೇರೆ ಧ್ವನಿಯೊಂದು ಬಂದು, ಅದನ್ನು ಎಣಿಸಬೇಕೆಂದು ಹೇಳಿದ್ದರೆ, ಸುಮಾರು 300 ಮಿಲಿಸೆಕೆಂಡಿನ ನಂತರ ನೆತ್ತಿಯ ಹಿಂಭಾಗದಲ್ಲಿ ದೊಡ್ಡ ಧನಾತ್ಮಕ ಅಲೆ ಏಳುತ್ತದೆ. ಸಟನ್ ಮತ್ತು ಸಂಗಡಿಗರು 1965ರಲ್ಲಿ ವರದಿ ಮಾಡಿದ ಈ ಪಿ300 ಅಲೆ ನಿಮ್ಮ ಕೋಣೆಯಲ್ಲಿ ಕಾಣಿಸದಿದ್ದರೆ ಮುಂದಿನ ಪ್ರಯೋಗಕ್ಕೆ ಕೈ ಹಾಕಬೇಡಿ.

ಅಲ್ಪಾವಧಿ ನೆನಪಿನ ಹೊರೆಯನ್ನು ನೋಡಬೇಕಾದರೆ ಸ್ಟರ್ನ್‌ಬರ್ಗ್ 1966ರಲ್ಲಿ ರೂಪಿಸಿದ ವಿಧಾನವಿದೆ: ಕೆಲವು ಅಂಕಿಗಳನ್ನು ತೋರಿಸಿ, ಸ್ವಲ್ಪ ಹೊತ್ತು ಖಾಲಿ ಬಿಟ್ಟು, ಆಮೇಲೆ ಒಂದು ಅಂಕಿಯನ್ನು ತೋರಿಸಿ ‘ಇದು ಆ ಗುಂಪಿನಲ್ಲಿತ್ತೇ’ ಎಂದು ಕೇಳುವುದು. ಖಾಲಿ ಬಿಟ್ಟ ಆ ಹೊತ್ತಿನಲ್ಲಿ ಹಣೆಯ ಮೇಲ್ಭಾಗದ ನಡುಗೆರೆಯಲ್ಲಿ 4ರಿಂದ 8 ಹರ್ಟ್ಜ್‌ನ ಥೀಟಾ ಲಯ ಹೊರೆಯೊಂದಿಗೆ ಹೆಚ್ಚುವುದನ್ನು ಅನೇಕರು ಕಂಡಿದ್ದಾರೆ.

ಆದರೆ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಾದ ಊರಿನಲ್ಲಿ ನಾನು ಶಿಫಾರಸು ಮಾಡುವುದು ಕಲಿಕೆ ಮತ್ತು ಗುರುತಿಸುವಿಕೆಯ ಪ್ರಯೋಗವನ್ನು, ಏಕೆಂದರೆ ಒಮ್ಮೆ ಟೋಪಿ ಹಾಕಿದರೆ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಮೊದಲ ಹಂತದಲ್ಲಿ ಒಂದೊಂದಾಗಿ ಪದಗಳನ್ನು ತೋರಿಸಿ, ‘ಈ ವಸ್ತು ಶಾಲೆಯ ಚೀಲದಲ್ಲಿ ಹಿಡಿಸುತ್ತದೆಯೇ’ ಎಂಬಂತಹ ಅರ್ಥಕ್ಕೆ ಸಂಬಂಧಿಸಿದ ಪ್ರಶ್ನೆಗೆ ಉತ್ತರ ಪಡೆಯಿರಿ. ನಡುವೆ ಕೆಲವು ನಿಮಿಷ ಮೂರು ಮೂರು ಕಳೆಯುತ್ತ ಹಿಮ್ಮುಖವಾಗಿ ಎಣಿಸಲು ಹೇಳಿ. ಎರಡನೆಯ ಹಂತದಲ್ಲಿ ಹಳೆಯ ಪದಗಳನ್ನೂ ಹೊಸ ಪದಗಳನ್ನೂ ಬೆರೆಸಿ ತೋರಿಸಿ, ಪ್ರತಿಯೊಂದಕ್ಕೂ ‘ಹಳೆಯದು’ ಅಥವಾ ‘ಹೊಸದು’ ಎಂಬ ಗುಂಡಿ ಒತ್ತಿಸಿ. ಸರಿಯಾಗಿ ಗುರುತಿಸಿದ ಹಳೆಯ ಪದಗಳ ಅಲೆಯನ್ನು ಹೊಸ ಪದಗಳ ಅಲೆಯೊಂದಿಗೆ ಹೋಲಿಸಿದಾಗ 300–500 ಮಿಲಿಸೆಕೆಂಡಿನಲ್ಲಿ ನೆತ್ತಿಯ ಮುಂಭಾಗದ ನಡುವಿನಲ್ಲೂ, 500–800 ಮಿಲಿಸೆಕೆಂಡಿನಲ್ಲಿ ನೆತ್ತಿಯ ಹಿಂಭಾಗದ ಎಡಕ್ಕೂ ವ್ಯತ್ಯಾಸ ಕಾಣುತ್ತದೆ. ಮೊದಲನೆಯದನ್ನು ‘ಎಲ್ಲೋ ನೋಡಿದ ಹಾಗಿದೆ’ ಎಂಬ ಪರಿಚಿತಭಾವದೊಂದಿಗೂ, ಎರಡನೆಯದನ್ನು ಸಂದರ್ಭಸಮೇತ ನೆನಪಿಗೆ ಬರುವುದರೊಂದಿಗೂ ಜೋಡಿಸುವ ವಾಡಿಕೆಯಿದೆ. ಮೊದಲನೆಯದರ ಅರ್ಥವೇನೆಂಬ ಬಗ್ಗೆ ತಜ್ಞರಲ್ಲಿ ಇನ್ನೂ ತಕರಾರಿದೆ, ಅದನ್ನು ಮುಚ್ಚಿಡದೆ ಬರೆಯಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ಕಲಿಕೆಯ ಹಂತದ ದಾಖಲೆಯಲ್ಲೇ ಇರುತ್ತದೆ. ಪರೀಕ್ಷೆಯಲ್ಲಿ ನೆನಪಾದ ಪದಗಳು ಯಾವುವು, ಮರೆತವು ಯಾವುವು ಎಂದು ತಿಳಿದ ಮೇಲೆ ಹಿಂದಕ್ಕೆ ಹೋಗಿ, ಅವೇ ಪದಗಳನ್ನು ಮೊದಲು ಓದಿದ ಕ್ಷಣದ ಇಇಜಿಯನ್ನು ಎರಡು ರಾಶಿಯಾಗಿ ವಿಂಗಡಿಸಬೇಕು. ಮುಂದೆ ನೆನಪಾಗಲಿರುವ ಪದಗಳಿಗೆ ಓದಿದ ಕ್ಷಣದಲ್ಲೇ ಹೆಚ್ಚು ಧನಾತ್ಮಕ ಅಲೆ ಇರುತ್ತದೆಂದು ಪ್ಯಾಲರ್, ಕುಟಾಸ್ ಮತ್ತು ಮೇಯ್ಸ್ 1987ರಲ್ಲಿ ತೋರಿಸಿದರು. ನೆನಪಿನ ಅಧ್ಯಯನದಲ್ಲಿ ನನಗೆ ಅತ್ಯಂತ ಸೊಗಸೆನಿಸುವ ವಿಧಾನ ಇದು, ಏಕೆಂದರೆ ಇಲ್ಲಿ ಪದಗಳನ್ನು ವಿಂಗಡಿಸುವವರು ಸಂಶೋಧಕರಲ್ಲ, ಭಾಗವಹಿಸಿದವರ ನೆನಪೇ ವಿಂಗಡಿಸಿಕೊಡುತ್ತದೆ.

ಎಷ್ಟು ಪದಗಳು ಬೇಕೆಂಬುದಕ್ಕೆ ಲೆಕ್ಕ ಹಾಕಿಯೇ ಉತ್ತರಿಸಬೇಕು. ಒಂದೊಂದು ಬಾರಿಯ ದಾಖಲೆಯಲ್ಲಿ ನಮಗೆ ಬೇಡವಾದ ಏರಿಳಿತ 10 ಮೈಕ್ರೊವೋಲ್ಟ್ ಇದೆಯೆಂದು ಇಟ್ಟುಕೊಂಡರೆ, 25 ಬಾರಿಯ ಸರಾಸರಿಯಲ್ಲಿ ಅದು 2ಕ್ಕೂ, 100 ಬಾರಿಯ ಸರಾಸರಿಯಲ್ಲಿ 1ಕ್ಕೂ ಇಳಿಯುತ್ತದೆ. ಅಂದರೆ ಗದ್ದಲವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಪದಗಳು ಬೇಕು. ನಾವು ಹುಡುಕುತ್ತಿರುವ ವ್ಯತ್ಯಾಸವೇ ಒಂದೆರಡು ಮೈಕ್ರೊವೋಲ್ಟ್‌ನದು. 150 ಪದಗಳನ್ನು ಕಲಿಸಿ, ಅವುಗಳಲ್ಲಿ ನೂರಕ್ಕೆ 70 ನೆನಪಾದರೆ 105 ಸಿಗುತ್ತವೆ, ಕಣ್ಣು ಮಿಟುಕಿಸಿದ್ದಕ್ಕೋ ಅಲುಗಾಡಿದ್ದಕ್ಕೋ ಐದರಲ್ಲೊಂದು ಹೋದರೆ 84 ಉಳಿಯುತ್ತವೆ. ಮರೆತ 45ರಲ್ಲಿ ಉಳಿಯುವುದು 36. ಪರೀಕ್ಷೆ ತೀರ ಸುಲಭವಾಗಿ ಎಲ್ಲರಿಗೂ ಎಲ್ಲವೂ ನೆನಪಾಗಿಬಿಟ್ಟರೆ ‘ಮರೆತ’ ರಾಶಿಯೇ ಇರುವುದಿಲ್ಲ. ಹಾಗಾಗಿ ಟೋಪಿಯಿಲ್ಲದೆ, ಬರೀ ಗುಂಡಿ ಒತ್ತಿಸಿ, ಕೆಲವರ ಮೇಲೆ ಮೊದಲು ಪ್ರಯೋಗಿಸಿ ಕಷ್ಟದ ಮಟ್ಟವನ್ನು ಸರಿಹೊಂದಿಸಿಕೊಳ್ಳಿ.

ಕನ್ನಡದ ಪದಗಳು

ಇಂಗ್ಲಿಷಿನ ಪದಪಟ್ಟಿಯನ್ನು ಕನ್ನಡಕ್ಕೆ ಅನುವಾದಿಸಿ ಬಳಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ, ಅದನ್ನು ಹಿಡಿಯಬೇಡಿ. ಪಟ್ಟಿಯನ್ನು ಇಲ್ಲಿಯೇ ಕಟ್ಟಬೇಕು. ವಿಭಕ್ತಿ ಪ್ರತ್ಯಯವಿಲ್ಲದ, ಎರಡರಿಂದ ನಾಲ್ಕು ಅಕ್ಷರಗಳ ನಾಮಪದಗಳನ್ನು ಆರಿಸಿಕೊಂಡು, ಪ್ರಯೋಗದಲ್ಲಿ ಭಾಗವಹಿಸದ ಇಪ್ಪತ್ತು ಮಂದಿಯಿಂದ ಪ್ರತಿ ಪದ ಎಷ್ಟು ಪರಿಚಿತವೆಂದು 1ರಿಂದ 7ರ ಅಳತೆಯಲ್ಲಿ ಅಂಕ ಪಡೆಯಿರಿ. ದಾವಣಗೆರೆಯಲ್ಲಿ ‘ಮಂಡಕ್ಕಿ’ ಎಂದರೆ ಮಕ್ಕಳಿಗೂ ಗೊತ್ತು, ಬೆಂಗಳೂರಿನಿಂದ ಬಂದು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೆ ಅದು ‘ಪುರಿ’. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಅಥವಾ ಮರಾಠಿ ಮಾತನಾಡುವವರೂ ನಮ್ಮ ತರಗತಿಗಳಲ್ಲಿದ್ದಾರೆ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಕನ್ನಡವನ್ನು ನಿರರ್ಗಳವಾಗಿ ಮಾತನಾಡಿದರೂ ಓದುವಾಗ ನಿಧಾನಿಸುತ್ತಾರೆ, ಆ ನಿಧಾನ ಅಲೆಯನ್ನೇ ತಡವಾಗಿಸುತ್ತದೆ. ಮನೆಮಾತು, ಕಲಿಕೆಯ ಮಾಧ್ಯಮ, ದಿನನಿತ್ಯ ಕನ್ನಡ ಓದುವ ರೂಢಿ ಇವುಗಳನ್ನು ಅರ್ಜಿಯಲ್ಲೇ ಕೇಳಿ ಬರೆದುಕೊಳ್ಳಿ. ಹಳೆಯ ಪಟ್ಟಿ ಮತ್ತು ಹೊಸ ಪಟ್ಟಿಯನ್ನು ಒಬ್ಬರು ಬಿಟ್ಟು ಒಬ್ಬರಿಗೆ ಅದಲು ಬದಲು ಮಾಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಕಂಡ ವ್ಯತ್ಯಾಸ ನೆನಪಿನದೋ ಪದಗಳದೋ ಎಂದು ಹೇಳಲಾಗುವುದಿಲ್ಲ.

ವಾಕ್ಯಗಳನ್ನು ಬಳಸುವವರಿಗೆ ಇನ್ನಷ್ಟು ಎಚ್ಚರ ಬೇಕು. ಅರ್ಥಕ್ಕೆ ಹೊಂದದ ಪದ ಬಂದಾಗ ಸುಮಾರು 400 ಮಿಲಿಸೆಕೆಂಡಿಗೆ ಋಣಾತ್ಮಕ ಅಲೆ ಹೆಚ್ಚುತ್ತದೆಂದು ಕುಟಾಸ್ ಮತ್ತು ಹಿಲ್‌ಯಾರ್ಡ್ 1980ರಲ್ಲಿ ತೋರಿಸಿದ್ದನ್ನು ಕನ್ನಡದಲ್ಲಿ ನೋಡಲು ‘ಹೋಟೆಲಿನವನು ಕಾವಲಿಯ ಮೇಲಿನ ದೋಸೆಗೆ ಬೆಣ್ಣೆ ಸವರಿದನು’ ಎಂಬ ವಾಕ್ಯವನ್ನು ಬರೆದು, ಅದರ ಜೋಡಿಯಾಗಿ ‘ದೋಸೆಗೆ ಸುಣ್ಣ ಸವರಿದನು’ ಎಂದು ಬರೆಯುವುದು ಯಾರಿಗಾದರೂ ಹೊಳೆಯುತ್ತದೆ. ಆದರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತು ಕೇಳದ ಕನ್ನಡಿಗರಿಲ್ಲ. ಬೆಣ್ಣೆಯನ್ನು ನಿರೀಕ್ಷಿಸಿದ ಮನಸ್ಸಿನಲ್ಲಿ ಸುಣ್ಣವೂ ಅರ್ಧ ಎಚ್ಚರಗೊಂಡಿರುವುದರಿಂದ ಅಲೆ ತಗ್ಗುವ ಸಾಧ್ಯತೆಯಿದೆ. ‘ಗೋಂದು’ ಆ ಜಾಗಕ್ಕೆ ಹೆಚ್ಚು ಸುರಕ್ಷಿತ. ಗಮನಿಸಿ, ಪರೀಕ್ಷಿಸುವ ಪದವನ್ನು ವಾಕ್ಯದ ನಡುವೆ ಇಟ್ಟಿದ್ದೇನೆ, ಏಕೆಂದರೆ ವಾಕ್ಯದ ಕೊನೆಯ ಪದದಲ್ಲಿ ಓದುಗರು ಇಡೀ ವಾಕ್ಯವನ್ನು ಒಟ್ಟುಗೂಡಿಸುವ ಕೆಲಸವನ್ನೂ ಮಾಡುತ್ತಾರೆ, ಮತ್ತು ಕನ್ನಡದಲ್ಲಿ ಆ ಸ್ಥಾನ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮೀಸಲು.

ಪರದೆಯ ಮೇಲೆ ಒತ್ತಕ್ಷರಗಳು ಒಡೆದು ಕಾಣುವ ತೊಂದರೆ ಪ್ರಯೋಗ ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ಈಗಲೂ ಎದುರಾಗುತ್ತದೆ. ಸೈಕೋಪೈ ಅಥವಾ ಓಪನ್‌ಸೆಸಮಿ ಯಾವುದನ್ನೇ ಬಳಸಿ, ಪ್ರತಿ ಪದವನ್ನೂ ಒಂದೇ ಅಕ್ಷರವಿನ್ಯಾಸದಲ್ಲಿ ಚಿತ್ರವಾಗಿ ಉಳಿಸಿಕೊಂಡು ಚಿತ್ರವನ್ನೇ ತೋರಿಸುವುದು ನೆಮ್ಮದಿಯ ದಾರಿ. ಕಣ್ಣಿನಿಂದ 57 ಸೆಂಟಿಮೀಟರ್ ದೂರದಲ್ಲಿ ಪರದೆಯ 1 ಸೆಂಟಿಮೀಟರ್ ಸುಮಾರು 1 ಡಿಗ್ರಿ ಕೋನಕ್ಕೆ ಸಮ. ಪದದ ಅಗಲ ನಾಲ್ಕು ಡಿಗ್ರಿಯೊಳಗಿದ್ದರೆ ಕಣ್ಣು ಎಡದಿಂದ ಬಲಕ್ಕೆ ಸರಿಯುವ ಅಗತ್ಯ ಕಡಿಮೆಯಾಗುತ್ತದೆ.

ಒಪ್ಪಿಗೆ

ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಕೈಗೆ ಬರುವ ಮೊದಲು ಯಾರ ತಲೆಯನ್ನೂ ಮುಟ್ಟುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಇಲ್ಲಿ ಆಧಾರ. ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿರಲಿ, 18 ತುಂಬದವರಿಗೆ ಪೋಷಕರ ಒಪ್ಪಿಗೆ ಇರಲಿ, ಯಾವ ಹಂತದಲ್ಲಾದರೂ ಎದ್ದು ಹೋಗಬಹುದೆಂದು ಬಾಯಿಮಾತಿನಲ್ಲೂ ಹೇಳಿ. ‘ಕರೆಂಟು ಕೊಡುತ್ತೀರಾ’ ಎಂದು ಖಂಡಿತ ಕೇಳುತ್ತಾರೆ. ಯಂತ್ರ ಕೇವಲ ಕೇಳಿಸಿಕೊಳ್ಳುತ್ತದೆ, ಏನನ್ನೂ ಒಳಗೆ ಕಳಿಸುವುದಿಲ್ಲ ಎಂದು ಪತ್ರದ ಮೊದಲ ಪುಟದಲ್ಲೇ ಬರೆದಿಡಿ.

ಕೋಣೆ ಮತ್ತು ಯಂತ್ರ

ಆಸ್ಪತ್ರೆಯ ಮೂರ್ಛೆರೋಗ ತಪಾಸಣೆಯ ಇಇಜಿ ಯಂತ್ರವನ್ನು ಎರವಲು ಪಡೆಯುವವರು ಚಾನೆಲ್‌ಗಳ ಸಂಖ್ಯೆಗಿಂತ ಮೊದಲು ಕೇಳಬೇಕಾದ್ದು, ಅದಕ್ಕೆ ಹೊರಗಿನ ಕಂಪ್ಯೂಟರಿನಿಂದ ಗುರುತು ಕಳಿಸುವ ಟ್ರಿಗರ್ ಪ್ರವೇಶ ಇದೆಯೇ ಎಂದು. ಪದ ಪರದೆಗೆ ಬಂದ ಕ್ಷಣ ದಾಖಲೆಯಲ್ಲಿ ಗುರುತಾಗದಿದ್ದರೆ ಮಿಲಿಸೆಕೆಂಡಿನ ಮಾತೇ ಇಲ್ಲ. 60 ಹರ್ಟ್ಜ್ ಪರದೆಯಲ್ಲಿ ಒಂದು ಚೌಕಟ್ಟು ಸುಮಾರು 16.7 ಮಿಲಿಸೆಕೆಂಡ್ ಹಿಡಿಯುತ್ತದೆ. ಸಾಫ್ಟ್‌ವೇರ್ ‘ತೋರಿಸಿದೆ’ ಎಂದು ಹೇಳಿದ ಗಳಿಗೆಗೂ ಬೆಳಕು ಮೂಡಿದ ಗಳಿಗೆಗೂ ಇರುವ ಅಂತರವನ್ನು ಪರದೆಯ ಮೂಲೆಗೆ ಅಂಟಿಸಿದ, ಬೆಳಕನ್ನು ಗ್ರಹಿಸುವ ಫೋಟೊಡಯೋಡ್‌ನಿಂದ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಸೆಕೆಂಡಿಗೆ 250ರಿಂದ 500 ಮಾದರಿಗಳು ಈ ಬಗೆಯ ಪ್ರಯೋಗಕ್ಕೆ ಸಾಕು, 32 ಚಾನೆಲ್‌ಗಳು ಧಾರಾಳ.

ನಮ್ಮ ವಿದ್ಯುತ್ ಜಾಲದ 50 ಹರ್ಟ್ಜ್ ಗುಂಯ್‌ಗುಡುವಿಕೆ ಎಲ್ಲೆಡೆಯೂ ನುಸುಳುತ್ತದೆ. ದಾಖಲಿಸುವ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ, ಕುರ್ಚಿಯ ಹತ್ತಿರದ ಪ್ಲಗ್‌ಗಳನ್ನು ಕಳಚಿ, ಮೊಬೈಲ್‌ಗಳನ್ನು ಹೊರಗಿಡಿಸಿ, ಕಟ್ಟಡದ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಗೋಡೆಯ ಆಚೆ ಬೋರ್‌ವೆಲ್ ಮೋಟರ್ ಇದ್ದರೆ ಅದು ಓಡುವ ಹೊತ್ತನ್ನು ತಿಳಿದುಕೊಂಡಿರಿ. ಏಪ್ರಿಲ್–ಮೇ ತಿಂಗಳ ದಾವಣಗೆರೆಯಲ್ಲಿ ಅದಕ್ಕಿಂತ ದೊಡ್ಡ ಶತ್ರು ಬೆವರು. ಬೆವರುಗ್ರಂಥಿಗಳಿಂದ ಏಳುವ ನಿಧಾನದ ವಿಭವ ಇಡೀ ಗೆರೆಯನ್ನು ಅಲೆದಾಡಿಸುತ್ತದೆ, ಅದನ್ನು ಫಿಲ್ಟರಿನಿಂದ ಕಿತ್ತುಹಾಕಲು ಹೋದರೆ ನಮಗೆ ಬೇಕಾದ ನಿಧಾನದ ಅಲೆಯೂ ಕೆಡುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತನ್ನೇ ಇಟ್ಟುಕೊಳ್ಳುವುದು, ಬಂದವರನ್ನು ಕಾಲು ಗಂಟೆ ತಣ್ಣಗೆ ಕೂರಿಸಿ ನೀರು ಕೊಟ್ಟು ಆಮೇಲೆ ಆರಂಭಿಸುವುದು ಒಳ್ಳೆಯದು.

ತಲೆ

ಕೊಬ್ಬರಿ ಎಣ್ಣೆ ಹಚ್ಚಿದ ತಲೆಯ ಮೇಲೆ ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಹಿಂದಿನ ದಿನವೇ ಫೋನ್ ಮಾಡಿ, ಬೆಳಿಗ್ಗೆ ಶಾಂಪೂ ಅಥವಾ ಸೀಗೆಕಾಯಿ ಹಾಕಿ ತಲೆ ತೊಳೆದು, ಎಣ್ಣೆಯನ್ನೂ ಕಂಡೀಷನರನ್ನೂ ಹಚ್ಚದೆ, ಪೂರ್ತಿ ಒಣಗಿಸಿಕೊಂಡು ಬರಲು ತಿಳಿಸಿ. ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳು ತಲೆಗೆ ನೀರು ಹಾಕಿಕೊಳ್ಳುವ ವಾರ ಗೊತ್ತಾಗಿರುತ್ತದೆ; ಅವರನ್ನೇ ಕೇಳಿ ಆ ದಿನಕ್ಕೆ ಸಮಯ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಮಲ್ಲಿಗೆ, ಕ್ಲಿಪ್ಪು, ಓಲೆಗಳನ್ನು ತೆಗೆದಿಡಲು ಪುಟ್ಟ ಡಬ್ಬಿಯೊಂದನ್ನು ಇಟ್ಟಿರಿ. ಹಣೆಯ ಮೇಲೆ ವಿಭೂತಿಯನ್ನೋ ಕುಂಕುಮವನ್ನೋ ಧರಿಸಿ ಬಂದವರನ್ನು ಅಳಿಸಲು ಒತ್ತಾಯಿಸುವ ಅಗತ್ಯವಿಲ್ಲ. ಹಣೆಯ ಎಲೆಕ್ಟ್ರೋಡ್‌ಗಳು ಮುಖ್ಯವಾಗಿ ಕಣ್ಣು ಮಿಟುಕಿಸುವುದನ್ನು ಹಿಡಿಯಲು ಬೇಕಾಗುತ್ತವೆ, ಆ ಕೆಲಸವನ್ನು ಕಣ್ಣಿನ ಕೆಳಗೆ ಅಂಟಿಸಿದ ಒಂದು ಎಲೆಕ್ಟ್ರೋಡ್ ಚೆನ್ನಾಗಿಯೇ ಮಾಡುತ್ತದೆ.

ಅಳತೆಗೆ, ಎಲೆಕ್ಟ್ರೋಡ್‌ಗಳ ಜಾಗವನ್ನು ಗೊತ್ತುಮಾಡಲು 1958ರಿಂದ ರೂಢಿಯಲ್ಲಿರುವ 10–20 ವ್ಯವಸ್ಥೆಯನ್ನು ಅನುಸರಿಸಿ. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂದಿನ ಮೂಳೆಯ ಉಬ್ಬಿನವರೆಗೆ ಟೇಪು ಹಿಡಿಯಿರಿ. ಅದು 36 ಸೆಂಟಿಮೀಟರ್ ಬಂದರೆ ಸಿ-ಝಡ್ ಎಂಬ ನಡುಬಿಂದು 18 ಸೆಂಟಿಮೀಟರಿಗೆ, ಅದರ ಮುಂದಿನ ಎಫ್-ಝಡ್ 10.8ಕ್ಕೆ, ಹಿಂದಿನ ಪಿ-ಝಡ್ 25.2ಕ್ಕೆ ಬೀಳುತ್ತವೆ. ಎರಡು ಕಿವಿಗಳ ನಡುವೆಯೂ ಅಳೆದು ಸಿ-ಝಡ್ ಸರಿಯಾಗಿ ಮಧ್ಯದಲ್ಲಿದೆಯೇ ಎಂದು ನೋಡಿ, ಆಮೇಲೆ ಟೋಪಿಯ ಗಾತ್ರವನ್ನು ಆರಿಸಿ. ಪ್ರತಿ ಎಲೆಕ್ಟ್ರೋಡಿನ ತೂತಿನಲ್ಲಿ ಹತ್ತಿಕಡ್ಡಿಯ ಮರದ ತುದಿಯಿಂದ ಕೂದಲನ್ನು ಬೈತಲೆ ತೆಗೆದಂತೆ ಬದಿಗೆ ಸರಿಸಿ ಚರ್ಮ ಕಾಣುವಂತೆ ಮಾಡಿ, ಸವೆಸುವ ಜೆಲ್‌ನಿಂದ ಮೆಲ್ಲಗೆ ಎರಡು ಸುತ್ತು ಉಜ್ಜಿ, ನಂತರ ಮೊಂಡು ಸೂಜಿಯ ಸಿರಿಂಜಿನಿಂದ ವಾಹಕ ಜೆಲ್ಲನ್ನು ಚರ್ಮದಿಂದ ಮೇಲಕ್ಕೆ ಎಳೆಯುತ್ತ ತುಂಬಿ. ಪರದೆಯ ಮೇಲೆ ಇಂಪೀಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ) ಸಂಖ್ಯೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯುವುದು ಆಗಲೇ ಕಾಣುತ್ತದೆ. 5 ಕಿಲೊಓಮ್‌ನೊಳಗೆ ತರುವುದು ಹಳೆಯ ನಿಯಮ. ಇಂದಿನ ಆಂಪ್ಲಿಫೈಯರ್‌ಗಳು ಅದಕ್ಕಿಂತ ಹೆಚ್ಚನ್ನು ಸಹಿಸಿಕೊಂಡರೂ ಬೆವರಿನ ಊರಿನಲ್ಲಿ ಆ ಹಳೆಯ ನಿಯಮವನ್ನು ಪಾಲಿಸುವುದೇ ಲೇಸು. ಜೆಲ್ ಜಾಸ್ತಿಯಾದರೆ ಪಕ್ಕದ ಎಲೆಕ್ಟ್ರೋಡಿನವರೆಗೆ ಹರಿದು ಎರಡೂ ಒಂದಾಗಿಬಿಡುತ್ತವೆ. ರೆಫರೆನ್ಸನ್ನು, ಅಂದರೆ ಉಳಿದವುಗಳನ್ನು ಹೋಲಿಸಿ ಅಳೆಯುವ ಎಲೆಕ್ಟ್ರೋಡನ್ನು, ಕಿವಿಗಳ ಹಿಂದಿನ ಮೂಳೆಯ ಮೇಲೆ ಇಡಿ, ಹಳೆಯ–ಹೊಸ ಪದಗಳ ಅಧ್ಯಯನಗಳಲ್ಲಿ ರೂಢಿಯಾಗಿರುವುದು ಅದೇ.

ಎಲ್ಲ ಸಿದ್ಧವಾದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿಸಿ, ಎರಡು ನಿಮಿಷ ತೆರೆಸಿ. ಕಣ್ಣು ಮುಚ್ಚಿದ ಕೂಡಲೇ ತಲೆಯ ಹಿಂಭಾಗದ ಗೆರೆಗಳಲ್ಲಿ 8ರಿಂದ 13 ಹರ್ಟ್ಜ್‌ನ ಆಲ್ಫಾ ಲಯ ದಪ್ಪವಾಗಿ ಎದ್ದು, ತೆರೆದೊಡನೆ ಕುಗ್ಗಬೇಕು. ಆಲ್ಫಾ ದುರ್ಬಲವಾಗಿರುವವರೂ ಇದ್ದಾರೆ. ಆದರೆ ಬಂದವರೆಲ್ಲರಲ್ಲೂ ಅದು ಕಾಣದಿದ್ದರೆ ವೈರುಗಳನ್ನೂ ರೆಫರೆನ್ಸನ್ನೂ ಅನುಮಾನಿಸಿ. ಬಳಿಕ ಹಲ್ಲು ಕಚ್ಚಲು, ಕಣ್ಣು ಮಿಟುಕಿಸಲು ಹೇಳಿ, ಗೆರೆಗಳು ಹೇಗೆ ಎಗರುತ್ತವೆಂದು ಅವರಿಗೇ ತೋರಿಸಿ. ಅದನ್ನು ಒಮ್ಮೆ ಕಂಡವರು ನೀವು ಹತ್ತು ಸಲ ಹೇಳುವುದಕ್ಕಿಂತ ಚೆನ್ನಾಗಿ ಸುಮ್ಮನೆ ಕೂರುತ್ತಾರೆ. ಪ್ರಯೋಗದ ನಡುವೆ ಐದಾರು ನಿಮಿಷಕ್ಕೊಮ್ಮೆ ಬಿಡುವು ಕೊಡಿ. ತೂಕಡಿಕೆ ಬಂದರೆ ಆಲ್ಫಾ ಹರಡಿಕೊಂಡು ಎಲ್ಲವನ್ನೂ ಮುಚ್ಚುತ್ತದೆ. ‘ಹಳೆಯದು’ ಗುಂಡಿ ಅರ್ಧ ಜನರಿಗೆ ಬಲಗೈಯಲ್ಲಿರಲಿ, ಉಳಿದರ್ಧಕ್ಕೆ ಎಡಗೈಯಲ್ಲಿ. ಟೋಪಿ ಬಿಚ್ಚಿದ ತಕ್ಷಣ ಅದನ್ನು ಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು, ಒಣಗಿದ ಜೆಲ್ ಎಲೆಕ್ಟ್ರೋಡಿನ ಆಯುಷ್ಯವನ್ನೇ ತಿನ್ನುತ್ತದೆ. ತಲೆ ತೊಳೆದುಕೊಳ್ಳಲು ನೀರು, ಟವೆಲ್, ಬಾಚಣಿಗೆ ಒದಗಿಸುವುದು ಕನಿಷ್ಠ ಸೌಜನ್ಯ.

ವಿಶ್ಲೇಷಣೆ

ವಿಶ್ಲೇಷಣೆಯ ಸಾಫ್ಟ್‌ವೇರ್‌ಗಳಾದ ಇಇಜಿಲ್ಯಾಬ್ ಮತ್ತು ಎಂಎನ್‌ಇ-ಪೈಥಾನ್ ಎರಡೂ ಉಚಿತವಾಗಿ ಸಿಗುತ್ತವೆ, ಆದರೆ ಮೊದಲನೆಯದು ಸಾಮಾನ್ಯವಾಗಿ ಹಣ ಕೊಟ್ಟು ಕೊಳ್ಳಬೇಕಾದ ಮ್ಯಾಟ್‌ಲ್ಯಾಬ್‌ನಲ್ಲಿ ಓಡುತ್ತದೆ. ಮ್ಯಾಟ್‌ಲ್ಯಾಬ್‌ಗೆ ಹಣವಿಲ್ಲದವರು ಎರಡನೆಯದನ್ನು ಕಲಿಯುವುದು ಮೇಲು. ಕ್ರಮ ಹೀಗಿರಲಿ: ಮೊದಲು ಇಡೀ ದಾಖಲೆಯನ್ನು ಕಣ್ಣಿನಿಂದ ಓದಿ ಕೆಟ್ಟ ಚಾನೆಲ್‌ಗಳನ್ನು ಗುರುತಿಸಿ, 0.1ರಿಂದ 40 ಹರ್ಟ್ಜ್‌ನ ಫಿಲ್ಟರ್ ಹಾಕಿ. ಗೆರೆ ಅಂದವಾಗಿ ಕಾಣಲೆಂದು ಕೆಳಗಿನ ಮಿತಿಯನ್ನು 1 ಹರ್ಟ್ಜ್‌ಗೆ ಏರಿಸುವ ಆಸೆ ಹುಟ್ಟುತ್ತದೆ, ಆದರೆ ಹಾಗೆ ಮಾಡಿದರೆ ನಿಧಾನದ ಅಲೆಗಳು ಕುಗ್ಗುವುದಷ್ಟೇ ಅಲ್ಲ, ಇಲ್ಲದ ಅಲೆಗಳೂ ಹುಟ್ಟಿಕೊಳ್ಳುತ್ತವೆ. ಕಣ್ಣು ಮಿಟುಕಿಸುವಿಕೆಯನ್ನು ಬೇರ್ಪಡಿಸುವ ಐಸಿಎ ವಿಧಾನಕ್ಕೆ ಮಾತ್ರ 1 ಹರ್ಟ್ಜ್ ಫಿಲ್ಟರ್ ಹಾಕಿದ ಪ್ರತಿಯನ್ನು ಕೊಟ್ಟು, ಅಲ್ಲಿ ಸಿಕ್ಕ ಘಟಕಗಳನ್ನು ಮೂಲ ದಾಖಲೆಗೆ ಅನ್ವಯಿಸಿದರೆ ಮಿಟುಕಿನ ಗುರುತೂ ಹೋಗುತ್ತದೆ, ನಿಧಾನದ ಅಲೆಯೂ ಉಳಿಯುತ್ತದೆ. ಪದ ಬರುವ 200 ಮಿಲಿಸೆಕೆಂಡ್ ಮೊದಲಿನಿಂದ ಬಂದ 1000 ಮಿಲಿಸೆಕೆಂಡಿನವರೆಗೆ ತುಂಡು ಮಾಡಿ, ಮೊದಲ 200ರ ಸರಾಸರಿಯನ್ನು ಕಳೆಯಿರಿ. ಥೀಟಾ ಲಯವನ್ನು ನೋಡುವವರು ತುಂಡುಗಳನ್ನು ಎರಡೂ ಕಡೆ ಒಂದೊಂದು ಸೆಕೆಂಡ್ ಉದ್ದವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ 4 ಹರ್ಟ್ಜ್‌ನ ಒಂದು ಅಲೆಯೇ ಕಾಲು ಸೆಕೆಂಡ್ ಹಿಡಿಯುತ್ತದೆ.

ಯಾವ ಎಲೆಕ್ಟ್ರೋಡ್, ಯಾವ ಕಾಲಾವಧಿ ಎಂಬುದನ್ನು ದಾಖಲಿಸುವ ಮೊದಲೇ ಬರೆದು, ದಿನಾಂಕ ಹಾಕಿ, ಮಾರ್ಗದರ್ಶಕರ ಬಳಿ ಕೊಟ್ಟಿರಿ. 32 ಚಾನೆಲ್‌ಗಳಲ್ಲಿ ನೂರಾರು ಕಾಲಬಿಂದುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಎಲ್ಲೋ ಒಂದು ಕಡೆ ‘ಅರ್ಥಪೂರ್ಣ’ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಮೊದಲೇ ಊಹಿಸಲಾಗದ ಕಡೆ ಮಾರಿಸ್ ಮತ್ತು ಊಸ್ಟನ್‌ವೆಲ್ಡ್ 2007ರಲ್ಲಿ ವಿವರಿಸಿದ ಕ್ಲಸ್ಟರ್ ಪರ್ಮ್ಯುಟೇಶನ್ ಪರೀಕ್ಷೆಯನ್ನು (ಅಕ್ಕಪಕ್ಕದ ಬಿಂದುಗಳನ್ನು ಗುಂಪಾಗಿ ಪರೀಕ್ಷಿಸುವ ಸಂಖ್ಯಾಶಾಸ್ತ್ರದ ವಿಧಾನವನ್ನು) ಬಳಸಿ. ಅಲೆಯ ತುದಿಯ ಎತ್ತರವನ್ನು ಅಳೆಯುವ ಬದಲು ಅವಧಿಯ ಸರಾಸರಿಯನ್ನು ಅಳೆಯಿರಿ. ‘ನೆನಪಾದ’ ರಾಶಿಯಲ್ಲಿ 84, ‘ಮರೆತ’ ರಾಶಿಯಲ್ಲಿ 36 ತುಂಡುಗಳಿದ್ದರೆ ಕಡಿಮೆ ತುಂಡುಗಳಿರುವ ಕಡೆ ಗದ್ದಲವೇ ತುದಿಯನ್ನು ಎತ್ತರಿಸಿರುತ್ತದೆ.

ಹೇಳಬಹುದಾದ್ದು, ಹೇಳಬಾರದ್ದು

ಗುಂಪಿನ ಸರಾಸರಿಯಲ್ಲಿ ಕಂಡ ವ್ಯತ್ಯಾಸದಿಂದ ಒಬ್ಬ ವ್ಯಕ್ತಿಯ ನೆನಪಿನ ಶಕ್ತಿಯ ಬಗ್ಗೆ ತೀರ್ಪು ಕೊಡುವಂತಿಲ್ಲ. ‘ನನ್ನ ಮಗನ ಮಿದುಳು ಹೇಗಿದೆ’ ಎಂದು ಕೇಳುವ ತಂದೆತಾಯಿಗೆ, ಇದು ತಪಾಸಣೆಯಲ್ಲವೆಂದೂ, ಸಂಶಯವಿದ್ದರೆ ನರರೋಗ ತಜ್ಞರನ್ನು ಕಾಣಬೇಕೆಂದೂ ನೇರವಾಗಿ ಹೇಳಬೇಕು. ಪಿ300ರಂಥ ಅಲೆಗಳನ್ನು ಆಧರಿಸಿ ‘ಅಪರಾಧದ ನೆನಪು ಆರೋಪಿಯ ತಲೆಯಲ್ಲಿದೆ’ ಎಂದು ಸಾಧಿಸಲು ನಮ್ಮ ದೇಶದಲ್ಲಿ ಪೊಲೀಸ್ ತನಿಖೆಗಳಲ್ಲಿ ಪ್ರಯತ್ನ ನಡೆದಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ಸಂವಿಧಾನದ 20(3)ನೇ ವಿಧಿಗೆ ವಿರುದ್ಧವೆಂದು ತೀರ್ಪು ನೀಡಿತು. ಕಾನೂನಿನ ಮಾತು ಅದಾದರೆ ವಿಜ್ಞಾನದ ಮಾತೂ ಕಡಿಮೆಯೇನಿಲ್ಲ: ಪದವೊಂದು ಪರಿಚಿತವೆಂಬುದನ್ನು ಅಲೆ ಸೂಚಿಸಬಹುದು, ಆ ಪರಿಚಯ ಎಲ್ಲಿಂದ ಬಂತೆಂಬುದನ್ನು ಅದು ಹೇಳಲಾರದು.

ಪ್ರಬಂಧದಲ್ಲಿ ಎಷ್ಟು ಜನರ ದಾಖಲೆಯನ್ನು ಕೈಬಿಟ್ಟಿರಿ, ಏಕೆ ಬಿಟ್ಟಿರಿ, ಪ್ರತಿ ರಾಶಿಯಲ್ಲಿ ಸರಾಸರಿ ಎಷ್ಟು ತುಂಡುಗಳು ಉಳಿದವು, ಫಿಲ್ಟರ್ ಮತ್ತು ರೆಫರೆನ್ಸ್ ಯಾವುವು ಎಂಬಿಷ್ಟನ್ನು ಬರೆಯದಿದ್ದರೆ ಓದಿದವರು ಮತ್ತೆ ಮಾಡಿ ನೋಡಲಾಗುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಅವಕಾಶವಿದ್ದರೆ, ಹೆಸರು ಗುರುತುಗಳನ್ನು ತೆಗೆದ ಕಚ್ಚಾ ದಾಖಲೆಯನ್ನು 2019ರಲ್ಲಿ ಇಇಜಿಗೂ ವಿಸ್ತರಿಸಿದ ಬಿಡ್ಸ್ ಎಂಬ ಕಡತ ಜೋಡಣೆಯ ಮಾದರಿಯಲ್ಲಿ ಜೋಡಿಸಿ ಓಪನ್‌ನ್ಯೂರೊದಂತಹ ಭಂಡಾರದಲ್ಲಿ ಇರಿಸಿ. ಅದರೊಂದಿಗೆ ಪರಿಚಿತತೆಯ ಅಂಕಗಳ ಸಮೇತ ನಿಮ್ಮ ಕನ್ನಡ ಪದಪಟ್ಟಿಯನ್ನೂ ಸೇರಿಸಿ. ಚಿತ್ರದುರ್ಗದಲ್ಲೋ ಧಾರವಾಡದಲ್ಲೋ ಇದೇ ಪ್ರಯೋಗಕ್ಕೆ ಕೈ ಹಾಕುವವರು ಪದಗಳಿಗೆ ಅಂಕ ಹಾಕಿಸುವುದರಿಂದ ಮತ್ತೆ ಶುರುಮಾಡಬೇಕಾಗುವುದಿಲ್ಲ.